ಎಲೆ ಇಟ್ಟುಕೊಂಡ ಗಾಳಿ

ಹಾಲು ತಳ ಹಿಡಿದು ಸೀದಿದೆ ಎಂಬುದು ಪವಿತ್ರಳಿಗೆ ಗೊತ್ತಾದದ್ದು ಅತ್ತೆಯ ಮುಖ ನೋಡಿದ ಮೇಲೆ. ಅವಳು ಒಲೆಯ ಮುಂದೆಯೇ ನಿಂತಿದ್ದಳು, ಸೌಟು ಕೈಯಲ್ಲೇ ಇತ್ತು. ಹಾಲು ಉಕ್ಕಲಿಲ್ಲ, ಬಣ್ಣ ಬದಲಾಗಲಿಲ್ಲ, ಕಣ್ಣಿಗೆ ಸಿಗುವಂಥದ್ದು ಏನೂ ನಡೆಯಲಿಲ್ಲ. ಹಿತ್ತಲಿನಿಂದ ಬಂದ ಮುನಿಗಂಗಮ್ಮ ಹೊಸ್ತಿಲಲ್ಲೇ ಮೂಗಿಗೆ ಸೆರಗು ಹಿಡಿದು ನಿಂತಾಗ ಮಾತ್ರ ಸೊಸೆಯ ಕೈ ತಾನಾಗಿ ಗ್ಯಾಸಿನ ತಿರುಪಿಗೆ ಹೋಯಿತು. “ಬೀದಿವರ್ಗೂ ಬಂದೈತೆ ಕಣೆ ಸೀದ ವಾಸ್ನೆ,” ಎಂದಳು ಅತ್ತೆ. ಅದರಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. “ಇಲ್ಲೇ ನಿಂತ್ಕಂಡು ಎಲ್ಲಿಗ್ ಹೋಗಿರ್ತೀಯ ನೀನು?” ಪವಿತ್ರ ಯಾವಾಗಿನಂತೆ ನಕ್ಕು, “ಏನೋ ಯೋಚ್ನೆ ಮಾಡ್ತಿದ್ದೆ ಅತ್ತೆ” ಎಂದಳು. ಈ ಮನೆಯಲ್ಲಿ ಅವಳಿಗೆ ಯೋಚನೆ ಮಾಡುವವಳು ಎಂಬ ಹೆಸರು ಬಂದು ವರ್ಷಗಳೇ ಆದವು. ಎಂಎಸ್ಸಿ ಓದಿದವಳು, ತಲೆ ತುಂಬ ಏನೇನೋ ಇರುತ್ತದೆ, ಅಡುಗೆ ಕಡೆ ಗಮನ ನಿಲ್ಲುವುದಿಲ್ಲ ಎಂದು ಅತ್ತೆ ನೆಂಟರ ಮುಂದೆ ಹೇಳುವಾಗ ಅದರಲ್ಲಿ ಒಂದು ಚೂರು ಹೆಮ್ಮೆಯೂ ಸೇರಿರುತ್ತದೆ. ಮೂಗು ಸತ್ತಿದೆ ಎನ್ನಿಸಿಕೊಳ್ಳುವುದಕ್ಕಿಂತ ಯೋಚನೆಯವಳು ಎನ್ನಿಸಿಕೊಳ್ಳುವುದು ಎಷ್ಟೋ ಮರ್ಯಾದೆಯದು. ಅವಳು ಪಾತ್ರೆಯನ್ನು ಬಚ್ಚಲಿಗೆ ಒಯ್ದು, ತಳಕ್ಕೆ ಅಂಟಿದ ಕಂದು ಪದರವನ್ನು ಉಜ್ಜತೊಡಗಿದಳು. ಉಜ್ಜುವಾಗ ಯಾರೂ ಇಲ್ಲವೆಂದು ನೋಡಿಕೊಂಡು ಪಾತ್ರೆಯೊಳಗೆ ಮುಖವಿಟ್ಟು ಉಸಿರೆಳೆದಳು. ಬರೀ ಬಿಸಿ.

ಗಂಡ ಆನಂದನಿಗೂ ಹೇಳಿಲ್ಲ. ಕೊರೊನಾದ ಎರಡನೆಯ ಅಲೆಯಲ್ಲಿ, ಹೊಟ್ಟೆಯಲ್ಲಿ ನವ್ಯಶ್ರೀ ಇದ್ದಾಗ, ಮನೆಯವರೆಲ್ಲರ ಮೂಗೂ ಒಟ್ಟಿಗೆ ಹೋಗಿತ್ತು. ಅದೇ ವಾರ ರಾಜಘಟ್ಟದಲ್ಲಿ ಅವಳ ಅಮ್ಮ ಮುತ್ತಮ್ಮ ತೀರಿಕೊಂಡಳು. ಹೆಣ ನೋಡಲೂ ಯಾರೂ ಬಿಡಲಿಲ್ಲ. ಅಂಥ ದುಃಖದ ನಡುವೆ ಮೂಗಿನ ಸುದ್ದಿ ಎತ್ತುವುದೇ ನಾಚಿಕೆ ಎನ್ನಿಸುತ್ತಿತ್ತು. ಆಮೇಲೆ ಒಬ್ಬೊಬ್ಬರದಾಗಿ ವಾಪಸ್ಸು ಬಂತು. ದಾಬಸ್‌ಪೇಟೆಯ ಕಾರ್ಖಾನೆಗೆ ಮತ್ತೆ ಹೋಗತೊಡಗಿದ ಆನಂದ ಊಟದ ಹೊತ್ತಿಗೆ ಅಲ್ಲಿಂದಲೇ ಫೋನ್ ಮಾಡಿ, “ಡಬ್ಬಿ ತೆಗೆದ್ರೆ ಒಗ್ಗರಣೆ ವಾಸ್ನೆ ಬಂತು ಕಣೇ. ನಿಂಗೆ?” ಎಂದು ಕೇಳಿದ್ದ. ಅವನ ದನಿಯಲ್ಲಿದ್ದ ಸಂತೋಷಕ್ಕೆ ಕಲ್ಲು ಹಾಕಲು ಮನಸ್ಸಾಗದೆ “ನಂಗೂ ಬಂತು” ಎಂದುಬಿಟ್ಟಳು. ಹೇಗೂ ನಾಳೆ ಬರುತ್ತದಲ್ಲ, ಒಂದು ದಿನ ಮುಂಚೆ ಹೇಳಿದರೆ ಏನಾಯಿತು ಎಂಬ ಲೆಕ್ಕ. ಆ ನಾಳೆ ಬರಲೇ ಇಲ್ಲ. ಮೊದಮೊದಲು ಹೇಳಲು ಸಂಕೋಚವಿತ್ತು, ಬರಬರುತ್ತಾ ಅದು ಹೆದರಿಕೆಯಾಯಿತು. ಈಗ ಬಾಯಿ ಬಿಟ್ಟರೆ ಮೂಗು ಹೋದದ್ದಕ್ಕಿಂತ ಇಷ್ಟು ವರ್ಷ ಮುಚ್ಚಿಟ್ಟದ್ದೇ ದೊಡ್ಡ ತಪ್ಪಾಗಿ ಕಾಣುತ್ತದೆ.

ದೊಡ್ಡವರನ್ನು ಹೇಗೋ ನಿಭಾಯಿಸಬಹುದು. ಅವರು ವಾಸನೆಯ ಬಗ್ಗೆ ಕೇಳುವುದೇ ಕಡಿಮೆ, ಕೇಳಿದರೂ ಉತ್ತರಕ್ಕೆ ಕಾಯುವುದಿಲ್ಲ. ಕಷ್ಟವಿರುವುದು ನವ್ಯಳ ಜೊತೆ. ಆ ಮಗು ಲೋಕವನ್ನು ಮೂಗಿನಿಂದಲೇ ನೋಡುತ್ತದೆ. ಕೈಗೆ ಸಿಕ್ಕಿದ್ದು ಮೊದಲು ತನ್ನ ಮೂಗಿಗೆ, ಆಮೇಲೆ ಅಮ್ಮನ ಮೂಗಿಗೆ. ಸೋಪಿನ ಚೂರು, ಅಪ್ಪನ ಬನಿಯನ್ನು, ಹೊಸ ಪುಸ್ತಕ, ಸೀಬೆ ಎಲೆ. “ಎಂಗೈತೆ ಹೇಳು.” ಪವಿತ್ರ ಕಣ್ಣಿನಿಂದ ನೋಡಿ ಬಾಯಿಯಿಂದ ಹೇಳುತ್ತಾಳೆ. ಇತ್ತೀಚೆಗೆ ಮಗಳು ಕಣ್ಣು ಮುಚ್ಚಿಕೋ ಎನ್ನಲು ಶುರುಮಾಡಿದ್ದಾಳೆ. ಆಗ ಮಗಳ ಉಸಿರಾಟವೇ ದಿಕ್ಕು: ಉಸಿರು ಬಿಗಿ ಹಿಡಿದಿದ್ದರೆ ಕೆಟ್ಟ ವಾಸನೆ, ಸಲೀಸಾಗಿ ಬಿಡುತ್ತಿದ್ದರೆ ಒಳ್ಳೆಯದು. ಇಲ್ಲಿಯವರೆಗೆ ಗೆದ್ದುಕೊಂಡೇ ಬಂದಿದ್ದಾಳೆ. ಗೆದ್ದಾಗಲೆಲ್ಲ ನವ್ಯ ಕತ್ತಿಗೆ ಜೋತುಬಿದ್ದು ಮುಖಕ್ಕೆ ಮುಖ ಒತ್ತುತ್ತಾಳೆ, ಆ ಪುಟ್ಟ ತಲೆ ಪವಿತ್ರಳ ಮೂಗಿನ ಕೆಳಗೇ ಬರುತ್ತದೆ. ಪ್ರತಿ ಸಲವೂ ಅವಳು ಎದೆ ತುಂಬ ಎಳೆದುಕೊಳ್ಳುತ್ತಾಳೆ. ಮಗಳು ಹುಟ್ಟಿದಾಗಿನಿಂದ ಅವಳಿಗೆ ಬೇಕಾಗಿರುವುದು ಅದೊಂದೇ. ಉಳಿದದ್ದೆಲ್ಲ, ಕಾಫಿ, ಮಲ್ಲಿಗೆ, ಮಳೆ ಬಿದ್ದ ಮಣ್ಣು, ಹೋದರೆ ಹೋಗಲಿ. ತನ್ನ ಮಗಳ ವಾಸನೆ ಹೇಗಿರುತ್ತದೆ ಎಂದು ಒಂದೇ ಒಂದು ಸಲ ಗೊತ್ತಾಗಬೇಕು.

ಈ ದಿನ ಮುನಿಗಂಗಮ್ಮ ಹೊಸಕೋಟೆಗೆ, ತಂಗಿಯ ಮನೆಗೆ ಹೊರಟಿದ್ದಳು. ನವ್ಯಳ ಶಾಲೆಗೆ ಕ್ರಿಸ್‌ಮಸ್ ರಜ. ಮಗುವನ್ನು ತನ್ನ ಕೆಲಸಕ್ಕೇ ಕರೆದುಕೊಂಡು ಹೋಗುವುದು ಬಿಟ್ಟು ಪವಿತ್ರಳಿಗೆ ಬೇರೆ ದಾರಿಯಿರಲಿಲ್ಲ. ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಮಗ್ಗಗಳು ಆಗಲೇ ಬಡಿದುಕೊಳ್ಳುತ್ತಿದ್ದವು. ಬಸ್ಸಿನ ಕಿಟಕಿಯಲ್ಲಿ ನವ್ಯ ಗಾಳಿಗೆ ಮೂಗು ಚಾಚಿ ಕುಳಿತು, ಬೇಕರಿ ಬಂತು, ಮೋರಿ ಬಂತು, ಬಿಸಿ ಇಸ್ತ್ರಿ ಬಂತು ಎಂದು ಒಂದೊಂದನ್ನೇ ಕೂಗಿ ಹೇಳುತ್ತಿದ್ದಳು. ಪವಿತ್ರ ಹೂಂಗುಟ್ಟುತ್ತಿದ್ದಳು. ಅವಳಿಗೆ ಬರುತ್ತಿದ್ದದ್ದು ಬರೀ ಚಳಿ.

ರಾಜಘಟ್ಟದಲ್ಲಿ ಗಂಗಣ್ಣನವರ ಹೊಲದಲ್ಲಿ ಅವಳ ಕೆಲಸ. ರಾಗಿ ಕೊಯ್ದು ಮುಗಿದಿತ್ತು. ರಾಗಿಯ ನಡುನಡುವೆ ಅಕ್ಕಡಿ ಸಾಲಾಗಿ ಬಿತ್ತಿದ್ದ ಅವರೆ ಮಾತ್ರ ಹೊಲದ ತುಂಬ ಉದ್ದುದ್ದ ಗೆರೆಗಳಾಗಿ ಉಳಿದು, ಇಬ್ಬನಿ ಕುಡಿದು ಹೂವು ಕಾಯಿ ಎರಡನ್ನೂ ಹೊತ್ತು ನಿಂತಿತ್ತು. ಇದೇ ಸಾಲುಗಳಲ್ಲಿ ಮುತ್ತಮ್ಮ ಕೂಲಿಗೆ ಕಾಯಿ ಬಿಡಿಸುತ್ತಿದ್ದಳು, ಕೈಗೆ ಹತ್ತಿದ ಸೊಗಡು ಸೀಗೆಪುಡಿಗೂ ಹೋಗುತ್ತಿರಲಿಲ್ಲ. ಈಗ ಮುತ್ತಮ್ಮನ ಮಗಳು ಅದೇ ಸಾಲಿನಲ್ಲಿ ಒಂದು ಅವರೆ ಬಳ್ಳಿಯ ಕೊಂಬೆಗೆ ಪಾರದರ್ಶಕವಾದ ಡಬ್ಬ ಹಾಕಿ ಕೂರುತ್ತಾಳೆ. ಡಬ್ಬಕ್ಕೆ ಹೊರಗಿನ ಗಾಳಿ ತರುವ ಒಂದು ಕೊಳವೆ, ಒಳಗಿನ ಗಾಳಿಯನ್ನು ಪಂಪ್‌ಸೆಟ್ ಮನೆಯಲ್ಲಿಟ್ಟ ಯಂತ್ರಕ್ಕೆ ಒಯ್ಯುವ ಇನ್ನೊಂದು. ಬದುವಿನ ಹೊಂಗೆ ಮರದ ಕೆಳಗೆ ಸ್ಟೂಲಿನ ಮೇಲೆ ಲ್ಯಾಪ್‌ಟಾಪು. ಬೆಂಗಳೂರಿನ ಸಂಸ್ಥೆಯೊಂದರ ಸಂಶೋಧನೆ ಇದು, ಮುಖ್ಯಸ್ಥರು ವಸಂತ್ ಸರ್. ಅವರು ಬಂದಾಗ ಗಂಗಣ್ಣನ ಹೆಂಡತಿ ಗಂಗಲಕ್ಷ್ಮಮ್ಮ ಸ್ಟೀಲಿನ ಲೋಟದಲ್ಲಿ ಕಾಫಿ ಕೊಡುತ್ತಾರೆ, ಪವಿತ್ರಳಿಗೆ ಕಾಗದದ ಲೋಟದಲ್ಲಿ. “ಇದಾದ್ರೆ ನಿಂಗೇ ಸುಲ್ಬ ಕಣವ್ವಾ, ತೊಳ್ಯಂಗಿಲ್ಲ,” ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಪವಿತ್ರಳೂ ಪ್ರೀತಿಯಿಂದಲೇ ಕುಡಿಯುತ್ತಾಳೆ. ರುಚಿಯೇನೂ ತಿಳಿಯದಿರುವುದರಿಂದ ಕಾಫಿಯ ವಿಷಯದಲ್ಲಿ ಅವಳಿಗೆ ಉಳಿದಿರುವುದು ಲೋಟ ಮಾತ್ರ.

ಈ ಸಂಶೋಧನೆ ಬೆನ್ನು ಹತ್ತಿರುವುದು ಗಂಧಕದ ಒಂದು ಅನಿಲವನ್ನು. ಕಾರ್ಬೊನೈಲ್ ಸಲ್ಫೈಡ್ ಎಂದು ಅದರ ಹೆಸರು, ಊರಿನವರು ಕೇಳಿದರೆ ಗಂಧಕದ ಗಾಳಿ ಎನ್ನುತ್ತಾಳೆ. ಸಮುದ್ರದಿಂದ, ಬೆಂಕಿಯಿಂದ, ಕಾರ್ಖಾನೆಗಳಿಂದ ಹೊರಟು ಲೋಕದ ಗಾಳಿಯಲ್ಲೆಲ್ಲ ಬೆರೆತಿರುತ್ತದೆ. ಆದರೆ ಎಷ್ಟು ಕಡಿಮೆ ಎಂದರೆ ಎಂಥ ಮೂಗಿನವರಿಗೂ ಅದು ಸಿಗುವುದಿಲ್ಲ. ಈ ಕೆಲಸಕ್ಕೆ ಅರ್ಜಿ ಹಾಕುವಾಗ ಅವಳಿಗೆ ಸಮಾಧಾನ ಕೊಟ್ಟದ್ದೇ ಆ ಮಾತು: ಈ ಅನಿಲದ ಮುಂದೆ ಎಲ್ಲರೂ ತನ್ನಂಥವರೇ. ಗಾಳಿಯಲ್ಲಿನ ಇಂಗಾಲಕ್ಕಾಗಿ ಎಲೆ ತನ್ನ ಸಣ್ಣ ಬಾಯಿಗಳನ್ನು ತೆರೆದಾಗ ಗಂಧಕದ ಗಾಳಿಯೂ ಜೊತೆಗೆ ಒಳಗೆ ನುಗ್ಗುತ್ತದೆ. ಇಂಗಾಲದ್ದು ಕೊಡುಕೊಳ್ಳುವ ವ್ಯವಹಾರ. ತೆಗೆದುಕೊಂಡದ್ದರಲ್ಲಿ ಒಂದಷ್ಟನ್ನು ಎಲೆ ಉಸಿರಾಡಿ ಮತ್ತೆ ಹೊರಗೆ ಬಿಡುತ್ತದೆ, ನಿಜವಾಗಿ ಎಷ್ಟು ಒಳಗೆ ಹೋಯಿತು ಎಂದು ಹೇಳುವುದು ಕಷ್ಟ. ಗಂಧಕದ ಗಾಳಿ ಹಾಗಲ್ಲ. ಒಳಗೆ ಹೋದ ಕ್ಷಣವೇ ಒಡೆದು ಎಲೆಯದೇ ಆಗುತ್ತದೆ, ಹಿಂದಿರುಗುವುದಿಲ್ಲ. ಡಬ್ಬದೊಳಗೆ ಅದು ಎಷ್ಟು ಕಡಿಮೆಯಾಯಿತು ಎಂದು ನೋಡಿದರೆ ಎಲೆ ಎಷ್ಟು ಬಾಯಿ ತೆರೆದಿತ್ತು, ಎಷ್ಟು ಉಂಡಿತು ಎಂದು ತಿಳಿಯುತ್ತದೆ. ಮೊದಲ ಸಲ ಇದನ್ನು ಕೇಳಿದಾಗ ಅವಳು ಒಂದು ಎಲೆಯನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದ್ದಳು. ಯಾರ ಅರಿವಿಗೂ ಬಾರದ್ದನ್ನು ಈ ಜುಜುಬಿ ಅವರೆ ಎಲೆ ಹುಡುಕಿ ಒಳಗೆಳೆದು ಇಟ್ಟುಕೊಳ್ಳುತ್ತದೆ. ತನ್ನ ಮೂಗಿನ ಕೆಳಗೇ ಇರುವ ಮಗಳ ತಲೆ ತನಗೆ ಸಿಗುವುದಿಲ್ಲ. ಎಲೆಯ ಮೇಲೆ ಹೊಟ್ಟೆಕಿಚ್ಚು ಪಡುವಷ್ಟಕ್ಕೆ ಬಂತಲ್ಲ ಗತಿ ಎಂದು ನಗುವೂ ಬಂದಿತ್ತು.

ಮೂಗು ಬೇಡದ ಕೆಲಸ ಎಂದುಕೊಂಡದ್ದೂ ಪೂರ್ತಿ ನಿಜವಾಗಲಿಲ್ಲ. ಸುತ್ತಮುತ್ತ ಏನಾದರೂ ಸುಟ್ಟರೆ, ಕೊಳೆತರೆ ಆ ದಿನದ ಅಳತೆ ಕೆಡುತ್ತದೆ. ಅದನ್ನು ಗಮನಿಸಿ ಹೇಳುವುದು ಹೊಲದಲ್ಲಿರುವವರ ಜವಾಬ್ದಾರಿ. ಹಿಂದಿನ ತಿಂಗಳು ಕೆರೆ ಏರಿಯ ಆಚೆ ಯಾರೋ ಹಳೆ ಟೈರು ಸುಟ್ಟರು. ಹೊಗೆ ಮರಗಳ ಹಿಂದೆಯೇ ಕರಗಿ ಕಣ್ಣಿಗೆ ಕಾಣಲಿಲ್ಲ. ಮಧ್ಯಾಹ್ನ ಬಂದ ವಸಂತ್ ಸರ್ ಕಾರಿನ ಬಾಗಿಲು ತೆರೆಯುತ್ತಲೇ ಕೆಮ್ಮಿದರು. “ಏನ್ರೀ ಪವಿತ್ರ, ಇಷ್ಟು ನಾತದಲ್ಲಿ ಅಳತೆ ತಗೊಂಡು ಕೂತಿದೀರಲ್ಲ, ಮೂಗಿಲ್ವಾ ನಿಮಗೆ?” ಎಂದರು. ಅವರ ಜೊತೆ ಬಂದಿದ್ದ ವಿದ್ಯಾರ್ಥಿಗಳು ನಕ್ಕರು, ಅವಳೂ ನಕ್ಕಳು. ಅಂದಿನ ಅಳತೆಯನ್ನೆಲ್ಲ ತೆಗೆದುಹಾಕಿದರು. ಇನ್ನೊಂದು ಸಲ ಹೀಗಾದರೆ ಈ ಜಾಗಕ್ಕೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಹೋಗುವಾಗ ಮೆತ್ತಗೆ ಹೇಳಿದ್ದರು.

ನವ್ಯ ಬಂದ ಗಳಿಗೆಯಿಂದ ಸಾಲುಗಳ ನಡುವೆ ಓಡಾಡುತ್ತಿದ್ದಳು. ಡಬ್ಬದ ಹತ್ತಿರ ಹೋಗಬಾರದು, ಅಲ್ಲಿ ಉಸಿರು ಬಿಡಬಾರದು ಎಂದು ಪವಿತ್ರ ಮೊದಲೇ ಹೇಳಿದ್ದಳು. “ಉಸ್ರು ಬಿಟ್ರೆ ಏನಾಗುತ್ತೆ?” “ಎಲೆಗೆ ಗಲಿಬಿಲಿ ಆಗುತ್ತೆ.” ಅದು ಮಗುವಿಗೆ ನ್ಯಾಯವಾಗಿ ಕಂಡಿತು. ಬಿಸಿಲು ಏರಿ ಇಬ್ಬನಿ ಆರುತ್ತಿದ್ದಂತೆ ಎಲೆಗಳು ಬಾಯಿ ತೆರೆದವು, ಪರದೆಯ ಮೇಲೆ ಗಂಧಕದ ಗೆರೆ ನಿಧಾನವಾಗಿ ಇಳಿಯತೊಡಗಿತು. ಪವಿತ್ರಳಿಗೆ ದಿನದಲ್ಲಿ ಅತಿ ಇಷ್ಟವಾದ ಹೊತ್ತು ಇದು, ಅತಿ ಹಿಂಸೆಯದೂ ಇದೇ. ಗೆರೆ ಇಳಿಯುವುದನ್ನು ನೋಡುತ್ತ ಕುಳಿತರೆ ಮನಸ್ಸು ಬಾಣಂತಿ ಕೋಣೆಗೆ ಹೋಗುತ್ತದೆ. ಹಿಡಿ ಹಿಡಿ ಬೆಳ್ಳುಳ್ಳಿ ಹುರಿದು ಕೊಡುತ್ತಿದ್ದರು, ಮುಖ ಕಿವುಚದೆ ತಿನ್ನುವ ಸೊಸೆ ಎಂದು ಅತ್ತೆ ಬೀದಿಗೆಲ್ಲ ಹೊಗಳಿದ್ದಳು. ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ತೋರಿಸಿ ಮಗುವನ್ನು ಮಡಿಲಿಗೆ ಇಡುತ್ತಿದ್ದರು. ನೋಡಲು ಬಂದ ಹೆಂಗಸರೆಲ್ಲ ಮಾಡುತ್ತಿದ್ದದ್ದು ಒಂದೇ ಕೆಲಸ, ಎತ್ತಿಕೊಂಡು ನೆತ್ತಿಗೆ ಮೂಗು ಒತ್ತುವುದು. ಒತ್ತಿದ ಕೂಡಲೇ ಅವರ ಮುಖದ ಮೇಲೆ ಏನೋ ಹಾದುಹೋಗುತ್ತಿತ್ತು, ಎಲ್ಲರಿಗೂ ಒಂದೇ ಥರ, ಕಣ್ಣು ಅರೆ ಮುಚ್ಚಿ, ತುಟಿ ಸಡಿಲಾಗಿ. ಪವಿತ್ರ ಮಂಚದ ಮೇಲೆ ಕುಳಿತು ಆ ಮುಖಗಳನ್ನು ನೋಡುತ್ತಿದ್ದಳು. ತನ್ನ ಹೊಟ್ಟೆಯಿಂದ ಬಂದದ್ದು ಊರಿಗೆಲ್ಲ ಸಿಕ್ಕಿತು, ತನಗೆ ಸಿಗಲಿಲ್ಲ.

ಸಿಗಲೇ ಇಲ್ಲ ಎಂದರೂ ಪೂರ್ತಿ ನಿಜವಲ್ಲ, ಆ ಮಾತು ಬಂದಾಗ ಮಾತ್ರ ಅವಳ ಮನಸ್ಸು ಪಕ್ಕಕ್ಕೆ ಸರಿಯುತ್ತದೆ. ನವ್ಯ ನಿಲ್ಲಲು ಕಲಿಯುತ್ತಿದ್ದ ದಿನಗಳಲ್ಲಿ ಮೂಗು ಇದ್ದಕ್ಕಿದ್ದಂತೆ ಎದ್ದಿತ್ತು. ಒಂದು ಬೆಳಿಗ್ಗೆ ಈರುಳ್ಳಿ ಹುರಿಯುವಾಗ ಏನೋ ಬಂತು. ಖುಷಿಯಿಂದ ಒಲೆಯ ಮೇಲೆ ಬಗ್ಗಿದವಳು ವಾಂತಿ ಮಾಡಿಕೊಂಡಳು. ಸುಟ್ಟ ರಬ್ಬರು, ಮೋರಿ, ಸತ್ತ ಇಲಿ ಎಲ್ಲ ಕಲಸಿದಂಥ ನಾತ. ಮೂಗಿನ ನರಗಳು ಮತ್ತೆ ಚಿಗುರುವಾಗ ಹೀಗೆ ತಪ್ಪು ತಪ್ಪಾಗಿ ಕೂಡಿಕೊಳ್ಳುತ್ತವಂತೆ, ಗಂಧಕ ಇರುವ ಪದಾರ್ಥಗಳಲ್ಲೇ ಇದು ಜಾಸ್ತಿಯಂತೆ ಎಂದು ಆಮೇಲೆ ಓದಿ ತಿಳಿದುಕೊಂಡಳು. ಅಂದು ಅದೊಂದೂ ಗೊತ್ತಿರಲಿಲ್ಲ. ಕೈ ತೊಳೆದುಕೊಂಡು ಓಡಿ ಹೋಗಿ ತೊಟ್ಟಿಲಿನಿಂದ ಮಗಳನ್ನು ಎತ್ತಿ, ಇಷ್ಟು ದಿನ ಕಾದದ್ದಕ್ಕೆ ಇವತ್ತಾದರೂ ಎಂದು ನೆತ್ತಿಗೆ ಮೂಗು ಒತ್ತಿದಳು. ಅದೇ ನಾತ. ಮಗಳು ಕೊಳೆತಂತೆ. ಅವಳ ಕೈಗಳೇ ಮಗುವನ್ನು ನೆಲಕ್ಕಿಳಿಸಿ ದೂರ ತಳ್ಳಿದವು. ಗೋಡೆ ಹಿಡಿದು ನಿಂತ ಮಗು ಕುಸಿದು ಕುಳಿತು, ಅಳದೆ ಅಮ್ಮನ ಮುಖವನ್ನೇ ನೋಡಿತು. ಅದಾದ ಮೇಲೆ ಒಂದಷ್ಟು ತಿಂಗಳು ನವ್ಯ ಮಲಗಿದ್ದೆಲ್ಲ ಅಜ್ಜಿಯ ಪಕ್ಕ. ಕೆಲಸದ ಸುಸ್ತು ಎಂದು ಪವಿತ್ರ ಹೇಳಿಕೊಂಡಳು. ಕೊನೆಗೊಂದು ದಿನ ಆ ನಾತವೂ ನಿಂತುಹೋಯಿತು, ಈರುಳ್ಳಿ ಮತ್ತೆ ಬರೀ ಈರುಳ್ಳಿಯ ಆಕಾರವಾಯಿತು. ಆ ಸುಟ್ಟ ರಬ್ಬರಿನ ನಾತವಾದರೂ ಮತ್ತೆ ಬರಲಿ, ಈ ಸಲ ತಳ್ಳುವುದಿಲ್ಲ ಎಂದು ಅವಳು ಎಷ್ಟೋ ಸಲ ದೇವರ ಮುಂದೆ ನಿಂತಿದ್ದಾಳೆ. ಅಪ್ಪುವಾಗ ಅದೇ ಬಂದರೂ ಅದು ಮಗಳದೇ ತಾನೆ.

“ಅಮ್ಮಾ, ಕಣ್ ಮುಚ್ಕೊ.” ನವ್ಯ ಎದುರಿಗೆ ನಿಂತಿದ್ದಳು, ಒಂದು ಕೈ ಬೆನ್ನ ಹಿಂದೆ. ಪರದೆಯ ಗೆರೆ ಸರಿಯಾಗಿ ಇಳಿಯುತ್ತಿತ್ತು, ಪವಿತ್ರಳ ಅರ್ಧ ಮನಸ್ಸು ಇನ್ನೂ ಅಲ್ಲೇ ಇತ್ತು. ಕಣ್ಣು ಮುಚ್ಚಿದಳು. ಮೂಗಿನ ಹತ್ತಿರ ಒದ್ದೆ ಬೆರಳು ಬಂತು. ಹೊಲದಲ್ಲಿ ಒದ್ದೆ ಎಂದರೆ ಕಾಯಿ ಚಿವುಟಿದ ರಸ, ಇನ್ನೇನು. ಮಗಳ ಉಸಿರಿನ ಕಡೆ ಗಮನ ಕೊಡುವುದನ್ನು ಮರೆತಳು. “ಅವರೆಕಾಯಿ ಸೊಗಡು,” ಎಂದಳು. “ಎಷ್ಟ್ ಚೆನ್ನಾಗೈತೆ.” ನಂಬಿಕೆ ಬರಲೆಂದು ಆ ಬೆರಳನ್ನು ಹಿಡಿದುಕೊಂಡು ಇನ್ನೂ ಒಮ್ಮೆ, ಉದ್ದಕ್ಕೆ, ಆಹಾ ಎನ್ನುವಂತೆ ಎಳೆದಳು. ಮಗಳ ನಗು ಕೇಳಿಸಲಿಲ್ಲ. ಕಣ್ಣು ಬಿಟ್ಟಾಗ ನವ್ಯ ಇನ್ನೊಂದು ಕೈಯಿಂದ ತನ್ನ ಮೂಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಬೆರಳ ತುದಿಯಲ್ಲಿ ಜಜ್ಜಿದ ಹಸಿರು ಹುಳ, ಅವರೆ ಹೂವಿಗೆ ಬರುವಂಥದ್ದು, ಮುಟ್ಟಿದರೆ ದಿನವಿಡೀ ಕೈ ಗಬ್ಬು ನಾರುತ್ತದೆ.

“ಇದು ಗಬ್ ಹುಳ ಅಮ್ಮಾ,” ಎಂದಳು ನವ್ಯ. ಬೈಗುಳವಿಲ್ಲ, ಗೆದ್ದ ಕುಣಿತವಿಲ್ಲ. ಅವಳು ಅಮ್ಮನ ಮುಖವನ್ನು ಹೊಸದಾಗಿ ನೋಡುತ್ತಿದ್ದಳು. “ನಿಂಗೆ ವಾಸ್ನೆ ಬರಲ್ವಾ?”

ತಮಾಷೆ ಮಾಡಿದೆ ಎನ್ನಬಹುದಿತ್ತು. ಬಾಯಿಯ ತನಕ ಬಂದಿತ್ತು. ಆದರೆ ಹೊಲದಲ್ಲಿ ಬೇರೆ ಯಾರೂ ಇರಲಿಲ್ಲ, ಮಗಳ ಕಣ್ಣು ಅಷ್ಟು ಹತ್ತಿರವಿತ್ತು. ಪವಿತ್ರಳಿಗೆ ಒಮ್ಮೆಲೇ ಸಾಕೆನಿಸಿತು. “ಬರಲ್ಲ ಪುಟ್ಟಾ.”

“ಏನೂ ಬರಲ್ವಾ?”

“ಏನೂ ಬರಲ್ಲ.”

“ಮಲ್ಗೆ ಹೂವು?”

“ಇಲ್ಲ.”

“ಅಪ್ಪನ್ ಬನೀನು?”

“ಅದೂ ಇಲ್ಲ.” ಪವಿತ್ರ ನಗಲು ನೋಡಿದಳು. ನವ್ಯ ಬೆರಳನ್ನು ಲಂಗಕ್ಕೆ ಒರೆಸಿಕೊಂಡಳು, ಒರೆಸಿಕೊಳ್ಳುತ್ತಲೇ ಯೋಚಿಸಿದಳು. ಆಮೇಲೆ ಕೇಳಿದಳು: “ಮತ್ತೆ ನನ್ ವಾಸ್ನೆ ಎಂಗೈತೆ ಅಂತ ನಿಂಗ್ ಗೊತ್ತೇ ಇಲ್ವಾ?”

ಪವಿತ್ರ ಇಲ್ಲವೆಂದು ತಲೆಯಾಡಿಸಿದಳು. ಅದು ಸುಳ್ಳೋ ನಿಜವೋ ಅವಳಿಗೇ ಹೇಳಲು ಬರುತ್ತಿರಲಿಲ್ಲ. ಮಗುವಿಗೆ ಅಳು ಬಂದೀತು ಎಂದುಕೊಂಡಿದ್ದಳು, ಬರಲಿಲ್ಲ. ನವ್ಯ ಸುತ್ತ ನೋಡಿದಳು, ಕಳೆದುಹೋದದ್ದನ್ನು ಎಲ್ಲಿ ಹುಡುಕಲಿ ಎನ್ನುವವಳಂತೆ. ಅವಳ ದೃಷ್ಟಿ ಡಬ್ಬದ ಮೇಲೆ ನಿಂತಿತು. “ಈ ಡಬ್ಬುಕ್ ಗೊತ್ತಾಗುತ್ತಾ?” ಪವಿತ್ರ ಉತ್ತರ ಕೊಡುವ ಮೊದಲೇ ಅವಳು ಬದುವಿನಿಂದ ಇಳಿದು, ಹೊರಗಿನ ಗಾಳಿ ತರುವ ಕೊಳವೆಯ ಬಾಯಿಗೆ ತನ್ನ ಬಾಯಿ ಹಚ್ಚಿ ಕೆನ್ನೆ ಉಬ್ಬಿಸಿ ಊದಿದಳು. ತಡೆಯಬಹುದಿತ್ತು. ಪವಿತ್ರ ಎದ್ದು ನಿಂತವಳು ಹಾಗೇ ನಿಂತಳು. ಕೊಳವೆ ಉದ್ದ, ಗಾಳಿ ಯಂತ್ರ ಮುಟ್ಟಲು ಒಂದು ಗಳಿಗೆ ಬೇಕು. ಆ ಗಳಿಗೆಯಲ್ಲಿ ಅವಳ ಎದೆ ಹೊಡೆದುಕೊಂಡದ್ದು ಆಸ್ಪತ್ರೆಯಲ್ಲಿ ಮಗುವಿನ ಮೊದಲ ಅಳುವಿಗೆ ಕಾದಾಗಿನ ಹಾಗೆ.

ಇಂಗಾಲದ ಗೆರೆ ನೆಟ್ಟಗೆ ಮೇಲಕ್ಕೆ ಹಾರಿತು. ಅದು ಯಾರು ಊದಿದರೂ ಹಾರುತ್ತದೆ. ಅವಳು ನೋಡುತ್ತಿದ್ದದ್ದು ಕೆಳಗಿನ ಗಂಧಕದ ಗೆರೆಯನ್ನು. ಎಲೆಯಲ್ಲಿ ಗಂಧಕದ ಗಾಳಿಯನ್ನು ಒಡೆಯುವ ಕಿಣ್ವ ಮನುಷ್ಯರ ರಕ್ತದಲ್ಲೂ ಇದೆ, ಎದೆಯೊಳಗೆ ಹೋಗಿ ಬಂದ ಗಾಳಿ ಅದರಲ್ಲಿ ಒಂದಿಷ್ಟನ್ನು ಅಲ್ಲೇ ಬಿಟ್ಟು ಬರಬಹುದು ಎಂದು ಓದಿದ್ದಳು, ಯಾರ ಮೇಲೂ ನೋಡಿರಲಿಲ್ಲ. ಗೆರೆ ಅಲುಗಿ, ಒಂದು ಸಣ್ಣ ಹಳ್ಳಕ್ಕೆ ಇಳಿಯಿತು. ಅಷ್ಟನ್ನು ನವ್ಯ ಒಳಗೆ ಇಟ್ಟುಕೊಂಡಿದ್ದಳು. ಆಮೇಲೆ ಇಂಗಾಲದ ಗೆರೆಯೂ ಇಳಿಯತೊಡಗಿತು. ಊದಿದ ಗಾಳಿ ಬಹುಪಾಲು ಕೊಳವೆ ಹಿಡಿದು ಹೋಗುತ್ತದೆ ಎಂದು ಅವಳಿಗೆ ಗೊತ್ತು, ಆದರೂ ಅದರಲ್ಲಿ ಒಂದು ಚೂರನ್ನು ಡಬ್ಬದೊಳಗಿನ ಎಲೆಗಳು ಕುಡಿಯುತ್ತಿದ್ದವು. ಮಗಳ ಬಾಯಿಯಿಂದ ಬಂದದ್ದು ಅವರೆ ಎಲೆಯ ಒಳಗೆ ಹೋಗುತ್ತಿತ್ತು. ಯಾವ ಸಂಕೋಚವೂ ಇಲ್ಲದೆ, ಹೇಸಿಗೆಯಿಲ್ಲದೆ, ಬಿಸಿಲಿಗೆ ಮೈಯೊಡ್ಡಿಕೊಂಡು ಆ ಎಲೆಗಳು ಅವಳ ಮಗಳನ್ನು ಒಳಗೆಳೆದುಕೊಂಡವು. ತನಗೆ ಬೇಕಾಗಿದ್ದದ್ದು ಇಷ್ಟೇ ಅಲ್ಲವೇ.

“ಗೊತ್ತಾಯ್ತಾ ಅದ್ಕೆ?”

“ಗೊತ್ತಾಯ್ತು.”

“ಎಂಗಿದೀನಂತೆ?”

“ಅದು ಹೇಳಲ್ಲ ಪುಟ್ಟಾ. ತಗೊಳ್ಳುತ್ತೆ ಅಷ್ಟೇ.”

ಫೋನ್ ಬಂತು. ಬೆಂಗಳೂರಿನ ಕಂಪ್ಯೂಟರಿನಲ್ಲಿ ಇದೇ ಗೆರೆಗಳನ್ನು ವಸಂತ್ ಸರ್ ಕೂಡ ನೋಡುತ್ತಿದ್ದರು. “ಪವಿತ್ರ, ಕೊಳವೆ ಹತ್ರ ಯಾರೋ ಉಸಿರು ಬಿಟ್ಟ ಹಾಗಿದೆಯಲ್ಲ?” ಎಂದರು. ತನ್ನ ಮಗಳು, ಮನೆಯಲ್ಲಿ ಬಿಡಲು ಯಾರೂ ಇರಲಿಲ್ಲ ಎಂದಳು. ಅವರು ಉದ್ದಕ್ಕೆ ಉಸಿರುಬಿಟ್ಟದ್ದು ಕೇಳಿಸಿತು. “ಸರಿ, ಆ ಭಾಗ ತೆಗೆದುಹಾಕೋಣ. ಬೇರೇನಾದ್ರೂ ಇದೆಯಾ, ಹೊಗೆ, ವಾಸನೆ?” ಪ್ರತಿದಿನ ಕೇಳುವ ಪ್ರಶ್ನೆ. ಪ್ರತಿದಿನ ಇಲ್ಲ ಸರ್ ಎನ್ನುತ್ತಾಳೆ. ಈಗ ಪಕ್ಕದಲ್ಲಿ ನವ್ಯ ತಲೆಯೆತ್ತಿ ನೋಡುತ್ತಿದ್ದಳು. “ಒಂದ್ನಿಮಿಷ ಸರ್” ಎಂದು ಪವಿತ್ರ ಫೋನನ್ನು ಕೆಳಗಿಳಿಸಿ, “ಏನಾದ್ರೂ ಸುಟ್ಟ ವಾಸ್ನೆ ಬರ್ತೈತಾ ನೋಡು” ಎಂದಳು. ನವ್ಯ ನಾಲ್ಕೂ ದಿಕ್ಕಿಗೆ ತಿರುಗಿ ತಿರುಗಿ ಮೂಸಿ, ಇಲ್ಲವೆಂದಳು. “ಇಲ್ಲವಂತೆ ಸರ್.” “ಇಲ್ಲವಂತೆ ಅಂದ್ರೆ? ಯಾರಂತೆ?” ಪವಿತ್ರ ಮಗಳ ಕಡೆ ನೋಡಿದಳು. “ಮಗಳು ಸರ್. ನಂಗೆ ವಾಸನೆ ಗೊತ್ತಾಗಲ್ಲ. ಕೊರೊನಾ ಬಂದಾಗ ಹೋಗಿದ್ದು.” ಟೈರಿನ ದಿನದ ನಗುವನ್ನು ಅವರು ನೆನೆಸಿಕೊಳ್ಳುತ್ತಿದ್ದರೋ, ಬೇರೆಯವರನ್ನು ಹುಡುಕುವ ಲೆಕ್ಕ ಹಾಕುತ್ತಿದ್ದರೋ. ಕೊನೆಗೆ “ಮೊದಲೇ ಹೇಳಬಹುದಿತ್ತಲ್ರೀ” ಎಂದರು, “ನಾಳೆ ಮಾತಾಡೋಣ” ಎಂದು ಫೋನ್ ಇಟ್ಟರು. ಇಷ್ಟು ವರ್ಷ ಯಾವುದಕ್ಕೆ ಹೆದರಿದ್ದಳೋ ಅದು ನಡೆದು ಮುಗಿದಿತ್ತು. ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಯೋಚನೆಯೂ ಅವಳಿಗೆ ಆ ಹೊತ್ತಿಗೆ ಹತ್ತಲಿಲ್ಲ.

ಹತ್ತಿದ್ದು ಬೇರೆ. ಮಧ್ಯಾಹ್ನವೆಲ್ಲ ನವ್ಯ ಸುಮ್ಮನೆ ಆಡಿಕೊಂಡಿದ್ದಳು. ತುಂಬೆ ಹೂವು ಕಿತ್ತಳು, ಮೂಸಿದಳು, ಬಿಸಾಡಿದಳು. ಸಗಣಿಯ ಹತ್ತಿರ ಹೋಗಿ ಮೂಗು ಹಿಡಿದು ನಕ್ಕು ಓಡಿದಳು. ಗಂಗಲಕ್ಷ್ಮಮ್ಮ ಹಿತಕಿದ ಅವರೆಯ ಸಾರು, ಮುದ್ದೆ ಕಳುಹಿಸಿದ್ದರು. ನವ್ಯ ತಟ್ಟೆಯ ಮೇಲೆ ಬಗ್ಗಿ ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಒಂದನ್ನೂ ಅಮ್ಮನ ಕಡೆ ಚಾಚಲಿಲ್ಲ. ಅದು ಕೋಪವಲ್ಲ ಎಂದು ಪವಿತ್ರಳಿಗೆ ಗೊತ್ತಿತ್ತು. ಕುಂಟುವವರನ್ನು ಓಡಲು ಕರೆಯಬಾರದು ಎಂಬಷ್ಟು ಸರಳವಾದ ಒಳ್ಳೆಯತನ ಅದು. “ನವ್ಯಾ, ನಂಗೂ ತೋರ್ಸೇ” ಎಂದಳು ಒಮ್ಮೆ. “ನಿಂಗ್ ಬರಲ್ವಲ್ಲಮ್ಮಾ” ಎಂದಳು ಮಗಳು, ಸಮಾಧಾನ ಹೇಳುವ ದನಿಯಲ್ಲಿ. ಸುಳ್ಳು ಹೇಳುತ್ತಿದ್ದಾಗ ದಿನಕ್ಕೆ ಎಷ್ಟು ಸಲ ಆ ಪುಟ್ಟ ಕೈ ಮುಖದ ಹತ್ತಿರ ಬರುತ್ತಿತ್ತು. ಸುಳ್ಳೇ ಇರಲಿ, ಅಷ್ಟಾದರೂ ಅವಳಿಗೆ ಸಿಗುತ್ತಿತ್ತು.

ಸಂಜೆ ಹೊರಡುವಾಗ ಗಂಗಲಕ್ಷ್ಮಮ್ಮ ಹಿತ್ತಲಿನಿಂದ ಒಂದು ಕಡ್ಡಿ ಮರುಗ ಕಿತ್ತು, “ಮುತ್ತಮ್ಮನ್ ಮೊಮ್ಮಗ್ಳಾ ಇದು, ಮುಖ ನೋಡು ಎಂಗ್ ಹಂಗೇ ಐತೆ” ಎಂದು ನವ್ಯಳ ಕೈಗೆ ಕೊಟ್ಟರು. ಬಸ್ಸು ತುಂಬಿ ಬಂತು. ಸಂತೆಗೆ ಹೋಗಿ ಬರುತ್ತಿದ್ದ ಒಬ್ಬ ವಯಸ್ಸಾದ ಹೆಂಗಸು ಕಾಲ ಬಳಿಯ ಚೀಲ ಸರಿಸಿ, “ಮಗೀನ ಇಲ್ಲಿ ಕೊಡವ್ವಾ” ಎಂದು ನವ್ಯಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಪವಿತ್ರ ಪಕ್ಕದಲ್ಲಿ ಕಂಬಿ ಹಿಡಿದು ನಿಂತಳು. ನವ್ಯ ಮರುಗವನ್ನು ಬೆರಳಲ್ಲಿ ಹಿಸುಕಿ ಮೂಸಿದಳು. ಅವಳ ಕೈ ರೂಢಿಯಿಂದ ಅಮ್ಮನ ಕಡೆ ಅರ್ಧ ಎದ್ದಿತು. ಅಲ್ಲೇ ನಿಂತಿತು. ಆಮೇಲೆ ತಿರುಗಿ, ಗುರುತೇ ಇಲ್ಲದ ಆ ಹೆಂಗಸಿನ ಮೂಗಿಗೆ ಹಿಡಿದು, “ಎಂಗೈತೆ ಹೇಳಿ” ಎಂದಳು.

ಹೆಂಗಸು ನಕ್ಕು ಬಗ್ಗಿದಳು. ಮರುಗ ಮೂಸಿ, “ಘಮ್ ಅಂತೈತೆ ಕಣವ್ವಾ” ಎಂದಳು. ನವ್ಯ ಖುಷಿಯಿಂದ ಅವಳ ಎದೆಗೆ ಒರಗಿದಳು. ಬಸ್ಸು ಕುಲುಕಿದಾಗ ಆ ಹೆಂಗಸಿನ ಮೂಗು ಮಗುವಿನ ನೆತ್ತಿಗೆ ತಾಕಿತು. ಪವಿತ್ರ ನೋಡುತ್ತಿದ್ದಳು. ಕಣ್ಣು ಅರೆ ಮುಚ್ಚಿತು, ತುಟಿ ಸಡಿಲಾಯಿತು. ನಾಲ್ಕು ವರ್ಷ ಅವಳು ನೋಡಿ ನೋಡಿ ಸಹಿಸಿಕೊಂಡು ಬಂದ ಅದೇ ಮುಖ. ಈ ಸಲ ಅವಳಿಗೆ ಸಹಿಸಲಾಗಲಿಲ್ಲ, ಬಸ್ಸಿನಲ್ಲಿ ಜನ ಇದ್ದಾರೆ ಎಂಬುದೂ ಲೆಕ್ಕಕ್ಕೆ ಬರಲಿಲ್ಲ. ಬಗ್ಗಿ ಕೇಳಿದಳು: “ಅಕ್ಕಾ, ನನ್ ಮಗಳ ತಲೆ ಎಂಗ್ ವಾಸ್ನೆ ಬರ್ತೈತೆ, ಒಸಿ ಹೇಳ್ತೀರಾ? ನಂಗೆ ಮೂಗಿಲ್ಲ.”

ಹೆಂಗಸು ತಲೆಯೆತ್ತಿ ಅವಳನ್ನು ನೋಡಿದಳು. ಹುಚ್ಚಿಯೇ ಎನ್ನುವ ನೋಟ ಬಂತು, ಹೋಯಿತು. ಆಮೇಲೆ ಏನನ್ನೂ ಕೇಳದೆ, ನವ್ಯಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಕೂದಲು ಬಗೆದು ನೆತ್ತಿಗೆ ಮೂಗಿಟ್ಟಳು. ಬಹಳ ಹೊತ್ತು ಇಟ್ಟಳು. ತಲೆಯೆತ್ತಿದಾಗ ಅವಳ ಬಾಯಿ ಏನೋ ಹೇಳಲು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. “ಎಣ್ಣೆ ಐತೆ,” ಎಂದಳು. “ಬಿಸ್ಲೂ ಐತೆ.” ತಲೆ ಅಲ್ಲಾಡಿಸಿದಳು. “ಅದಲ್ಲ ಕಣವ್ವಾ. ಅದ್ರ ಕೆಳಗೆ ಇನ್ನೊಂದೈತೆ. ಅದ್ನ ಏನಂತ ಹೇಳ್ಲಿ ನಿಂಗೆ, ಬರ್ತಾ ಇಲ್ಲ ನಂಗೆ.”

ಅವಳ ಕಣ್ಣಲ್ಲಿ ನೀರಿತ್ತು, ಯಾರ ನೆನಪಿಗೋ.

“ಇನ್ನೊಂದ್ಸಲ ನೋಡಿ ಅಕ್ಕಾ,” ಎಂದಳು ಪವಿತ್ರ.